ರೂಪೇಶನ ಹುಲಿಗೆ ಅಂಜಿಕೆ ಇದೆಯೇ

ಆ ರವಿವಾರ ಬೆಳಿಗ್ಗೆ ಮಳೆ ಬರುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಶ್ರಾವಣದಲ್ಲಿ ನಮ್ಮ ಕಡೆ ಇಂಥದೊಂದು ಹವೆ ಇರುತ್ತದೆ. ಕೊಡೆ ಬಿಚ್ಚಿದರೆ ಎದುರಿಗೆ ಬಂದವರು ನಗುತ್ತಾರೆ, ಬಿಚ್ಚದಿದ್ದರೆ ಮನೆ ಮುಟ್ಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿರುತ್ತದೆ. ಓಣಿಯ ಮಠದಲ್ಲಿ ಪುರಾಣ ಹೇಳಿ ಮುಗಿಸಿ ಹೊರಟಿದ್ದೆ. ಹಣೆಯ ವಿಭೂತಿ ತೊಯ್ದು ಮೂಗಿನ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಹಾಗೇ ಬಿಟ್ಟರೆ ಎದುರಾದವರು ಸ್ವಲ್ಪ ಹೆಚ್ಚು ಬಾಗಿ ಶರಣು ಹೇಳುತ್ತಾರೆ ಎಂಬುದು ನನ್ನ ಅನುಭವ. ಅರವತ್ತೆಂಟು ವರ್ಷಕ್ಕೆ ಭಕ್ತಿ ಎಷ್ಟು ಬಂದಿದೆಯೋ ಶಿವನೇ ಬಲ್ಲ, ಆ ಲೆಕ್ಕಾಚಾರ ಮಾತ್ರ ಪೂರ್ತಿ ಬಂದಿದೆ.

ಮನೆಯ ಪಡಸಾಲೆಯಲ್ಲಿ ಇಬ್ಬರು ಕಾದು ಕೂತಿದ್ದರು. ಒಬ್ಬ ನನ್ನ ಗೆಳೆಯ ಮಕ್ತುಮಸಾಬ. ನಾವಿಬ್ಬರೂ ಗರಗ ಊರಿನವರು, ಒಂದೇ ಸಾಲಿಯ ಒಂದೇ ಬೆಂಚು ಸವೆಸಿದವರು. ನಾನು ಮಾಸ್ತರನಾದೆ, ಅವನು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರ ನಡೆಸಿದ. ಈಗ ಇಬ್ಬರೂ ಗೋಪನಕೊಪ್ಪದ ಒಂದೇ ಓಣಿಯಲ್ಲಿದ್ದೇವೆ. ಇನ್ನೊಬ್ಬಳು ಅವನ ಮೊಮ್ಮಗಳು ನಿಶಾತ. ಎಂಟನೆಯ ಇಯತ್ತೆ. ಅವಳ ಸುತ್ತ ನೆಲದ ತುಂಬ ಚಿತ್ರ ಬರೆದ ಹಾಳೆಗಳು ಹರಡಿದ್ದವು.

"ಎಷ್ಟೊತ್ತು ಪುರಾಣ ಹೇಳ್ತೀರಿ ಮಾಸ್ತರ ಅಜ್ಜಾರ," ಎಂದಳು. "ಹನ್ನೆರಡಕ್ಕ ನಮ್ಮ ಅಬ್ಬಾ ಗಾಡಿ ತಗೊಂಡು ಬರ್ತಾರ. ಅಷ್ಟರಾಗ ನನ್ನ ಕಡೀ ಹಾಳಿ ಆಗಬೇಕು."

ಧಾರವಾಡದಲ್ಲಿ ಮಕ್ಕಳ ವಾಚನಾಲಯವೊಂದು ಮಕ್ಕಳೇ ಬರೆದ ಚಿತ್ರಕಥೆಗಳನ್ನು ಗೋಡೆಗೆ ಹಾಕಿ ತೋರಿಸುವುದಿತ್ತು. ಆ ದಿನ ಮಧ್ಯಾಹ್ನ ಒಂದು ಗಂಟೆಯೊಳಗೆ ಕೊಟ್ಟವರದು ಮಾತ್ರ. ನಿಶಾತ ಎರಡು ತಿಂಗಳಲ್ಲಿ ಹದಿನೈದು ಹಾಳೆ ಬರೆದಿದ್ದಳು. ಹದಿನಾರನೆಯದು ಖಾಲಿ ಉಳಿದಿತ್ತು.

ಅವಳ ಕಥೆಯ ನಾಯಕನ ಹೆಸರು ರೂಪೇಶ. ಬೇಲೂರಿನ ಕಾರ್ಖಾನೆಯಲ್ಲಿ ಕೆಲಸ, ಕೊರಳಲ್ಲಿ ಗೇಟ್ ಪಾಸು, ಬುತ್ತಿಯಲ್ಲಿ ಎರಡು ರೊಟ್ಟಿ ಮತ್ತು ಶೇಂಗಾ ಚಟ್ನಿ. ಆಪತ್ತು ಬಂದಾಗ ಅವನು ಬೇಕಾದ ಪ್ರಾಣಿಯಾಗಬಲ್ಲ. ಅವನ ವೈರಿ ಧೂಳಾಸುರ, ಬೈಪಾಸ್ ರಸ್ತೆಯ ಧೂಳಿನಿಂದ ಹುಟ್ಟಿದವನು. ಹದಿನಾಲ್ಕನೆಯ ಹಾಳೆಗೆ ಬರುವಷ್ಟರಲ್ಲಿ ಅವನು ಚಿಗರಿ ಹೆಸರಿನ ಎರಡು ಸಿಟಿ ಬಸ್ಸು ನುಂಗಿ ಕಾರ್ಖಾನೆಯ ಬಾಗಿಲಿಗೆ ಬಂದಿದ್ದ. ಹದಿನೈದನೆಯದರಲ್ಲಿ ರೂಪೇಶ ಹುಲಿಯಾಗಿ ಎದುರು ನಿಂತಿದ್ದ. ಮುಂದೇನು ಎಂಬಲ್ಲಿಗೆ ಕಥೆ ನಿಂತಿತ್ತು.

ಈ ರೂಪೇಶನ ಶಕ್ತಿಗೆ ಮಿತಿ ಎಲ್ಲಿ ಎಂದು ನಾವು ಮೂವರು ಎರಡು ತಿಂಗಳು ಜಗಳಾಡಿದ್ದೇವೆ. ಪುರಾಣದಲ್ಲಿ ಅಸುರರು ರೂಪ ಬದಲಿಸುವುದನ್ನು ನಾನು ನಲವತ್ತು ವರ್ಷ ಹೇಳಿದ್ದೇನೆ. ಅವರ ತೂಕ ಎಲ್ಲಿ ಹೋಯಿತು ಎಂದು ಒಬ್ಬರಾದರೂ ಕೇಳಿರಲಿಲ್ಲ. ಈ ಹುಡುಗಿ ಕೇಳಿದಳು.

"ರೂಪೇಶ ಇರಿವಿ ಆದಾ ಅಂತ ತಿಳೀರಿ. ಅವನ ಅರವತ್ತು ಕಿಲೋ ಎಲ್ಲಿ ಹೋಗತಾವು?"

"ಶಿವನ ಕಡೆ ಹೋಗತಾವು," ಎಂದಿದ್ದೆ, ಕಣ್ಣು ಮುಚ್ಚಿ, ಗಂಭೀರವಾಗಿ.

"ಶಿವನ ಕಡೆ ಗೋದಾಮು ಐತೇನೋ ಫಕೀರ್ಯಾ?" ಎಂದ ಮಕ್ತುಮ, ನನ್ನ ಹೆಸರು ಹಿಡಿದು.

ಇನ್ನೊಂದು ದಿನ ಹಲ್ಲಿಯ ಪ್ರಶ್ನೆ ಎದ್ದಿತು. ಹಲ್ಲಿಯಾಗಿ ಬಾಲ ಕಳಚಿ ಓಡಿಬಂದ ರೂಪೇಶ ಮತ್ತೆ ಮನುಷ್ಯನಾದರೆ ಅವನ ಮೈಯಲ್ಲಿ ಏನು ಕಡಿಮೆಯಾಗಿರುತ್ತದೆ? ನಾನು ಅರ್ಧ ತಾಸು ಜೀವ ಮತ್ತು ದೇಹದ ಭೇದ ವಿವರಿಸಿದೆ. ಬಿಡಿಭಾಗ ಎಂದಮೇಲೆ ಲೆಕ್ಕ ತಾಳೆಯಾಗಲೇಬೇಕು, ಒಂದು ಬೆರಳಾದರೂ ಹೋಗಿರಬೇಕು ಎಂದ ಮಕ್ತುಮ. ಒಳಗಿನಿಂದ ನನ್ನ ಹೆಂಡತಿ ಶಿವಬಸವ್ವ ಕೂಗಿ ಹೇಳಿದಳು, "ಹಲ್ಲಿ ಸುದ್ದಿ ಅವರನ್ನ ಕೇಳಬ್ಯಾಡ್ರವಾ. ಮನ್ಯಾಗ ಹಲ್ಲಿ ಬಿದ್ರ ಮೊದಲು ಮಂಚ ಹತ್ತೋರು ಅವರ."

ಯುದ್ಧದಲ್ಲಿ ರೂಪೇಶ ಆಕಳಾಗಲಿ ಎಂದೂ ನಾನು ಒಮ್ಮೆ ಸಲಹೆ ಕೊಟ್ಟಿದ್ದೆ.

"ಆಕಳಾಗಿ ಏನು ಮಾಡ್ತಾನ್ರಿ?"

"ಧೂಳಾಸುರನ ಮನಸ್ಸು ಕರಗತೈತಿ."

ಆ ಸಲಹೆಯನ್ನು ಅಜ್ಜ ಮೊಮ್ಮಗಳು ಇಬ್ಬರೂ ಕೇಳಿಸದವರಂತೆ ಬಿಟ್ಟರು.

ಕೊನೆಗೆ ನಿಶಾತಳೇ ಎರಡು ನಿಯಮ ಗಟ್ಟಿ ಮಾಡಿದಳು. ರೂಪೇಶ ಒಮ್ಮೆಗೆ ಒಂದೇ ಪ್ರಾಣಿಯಾಗಬಲ್ಲ. ಮತ್ತು ಕಣ್ಣಾರೆ ಕಂಡ ಪ್ರಾಣಿಯನ್ನಷ್ಟೇ ಆಗಬಲ್ಲ. ಈ ಎರಡನೆಯ ನಿಯಮವೇ ನನ್ನ ಬುಡಕ್ಕೆ ಬಂತು. ರೂಪೇಶ ಹುಟ್ಟಿ ಬೆಳೆದದ್ದು ಗರಗದಲ್ಲಿ. ಅವನು ಕಂಡ ಹುಲಿ ಒಂದೇ, ಮೊಹರಮ್ಮಿನ ಹುಲಿ.

ನಮ್ಮೂರಲ್ಲಿ ಮಕ್ಕಳಿಗೆ ಜಡ್ಡು ಬಂದರೆ, ಯಾವ ಮನೆಯವರಾಗಲಿ, ಮೊಹರಮ್ಮಿನಲ್ಲಿ ಹುಲಿ ಮಾಡಿಸುತ್ತೇವೆಂದು ಹರಕೆ ಹೊರುತ್ತಿದ್ದರು. ಮೈಗೆ ಹಳದಿ ಬಳಿದು, ಕರಿ ಪಟ್ಟೆ ಎಳೆದು, ಮುಖಕ್ಕೆ ಮೀಸೆ ಬರೆದು, ಹಿಂದೆ ಬಟ್ಟೆಯ ಬಾಲ ಕಟ್ಟುತ್ತಿದ್ದರು. ಹುಲಿಯಾದವನು ಬಣ್ಣ ತೊಳೆಯುವ ತನಕ ಬಾಯಿ ಬಿಟ್ಟು ಮಾತಾಡಕೂಡದು, ಆಡಿದರೆ ಹರಕೆ ಮುರಿಯಿತು. ಹನ್ನೊಂದನೆಯ ವರ್ಷಕ್ಕೆ ನಾನೂ ಮಕ್ತುಮನೂ ಒಂದೇ ದಿನ ಹುಲಿಯಾದೆವು. ಬಣ್ಣ ಬಳಿದ ಮೇಲೆ ನಮ್ಮ ಅವ್ವಂದಿರಿಗೇ ಯಾರ ಹುಲಿ ಯಾವುದೆಂದು ತಿಳಿಯಲಿಲ್ಲ.

ಆ ಮಧ್ಯಾಹ್ನ ಕೆರೆಯ ದಂಡೆಯಲ್ಲಿ ಕುರಿ ಕಾಯುವ ನಾಯಿಯೊಂದು ನಮ್ಮ ಮೇಲೆ ಏರಿ ಬಂತು. ಒಂದು ಹುಲಿ ಬೇವಿನ ಗಿಡ ಹತ್ತಿತು, ಇನ್ನೊಂದು ನಿಂತಲ್ಲೇ ನಿಂತಿತು. ನಾಯಿ ತಿರುಗಿ ಹೋಯಿತು. ದೂರದಿಂದ ಇದನ್ನು ಕಂಡ ಊರ ಗೌಡರು ಬರುವಷ್ಟರಲ್ಲಿ ಎರಡೂ ಹುಲಿ ನೆಲದ ಮೇಲಿದ್ದವು. ನಿಂತವನು ಯಾರು ಎಂದು ಅವರು ಕೇಳಿದರು. ಒಂದು ಹುಲಿ ಹರಕೆಗಾಗಿ ಸುಮ್ಮನಿತ್ತು. ಇನ್ನೊಂದು ಗಿಡ ಹತ್ತುವಾಗಲೇ 'ಯವ್ವಾ' ಎಂದು ಕಿರುಚಿ ಹರಕೆ ಮುರಿದುಕೊಂಡಿದ್ದರಿಂದ ಅದಕ್ಕೆ ಮಾತಾಡಲು ಅಡ್ಡಿಯಿರಲಿಲ್ಲ. ಅದು "ನಾನು" ಎಂದಿತು. ಗೌಡರು ತಮ್ಮ ಮಗನ ಕೈಯಲ್ಲಿದ್ದ ಹಿತ್ತಾಳೆ ಕಡಗ ತೆಗೆದು ಅದಕ್ಕೆ ತೊಡಿಸಿದರು.

ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ಆ ಮಾತಾಡಿದ ಹುಲಿ ನಾನು. ಐವತ್ತೇಳು ವರ್ಷ ಇದು ಇಬ್ಬರಿಗೆ ಮತ್ತು ಶಿವನಿಗೆ ಮಾತ್ರ ಗೊತ್ತಿತ್ತು. ಕಡಗ ನಮ್ಮ ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿತ್ತು. ಸೋಮವಾರಕ್ಕೊಮ್ಮೆ ಶಿವಬಸವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಮಠದಲ್ಲಿ ಧೈರ್ಯದ ಪ್ರಸಂಗ ಬಂದಾಗಲೆಲ್ಲ ನಾನು ಈ ಕಥೆ ಹೇಳುತ್ತಿದ್ದೆ. ಮೊದಮೊದಲು ನಾಯಿ ಒಂದೇ ಇತ್ತು. ನಾನು ನಿವೃತ್ತನಾಗುವ ಹೊತ್ತಿಗೆ ನಾಲ್ಕಾಗಿದ್ದವು, ಅದರಲ್ಲಿ ಒಂದು ತೋಳವಿರಬಹುದೆಂಬ ಅನುಮಾನವನ್ನೂ ಕೇಳುವವರಿಗೆ ಬಿಟ್ಟಿದ್ದೆ. ಮಕ್ತುಮ ಎಷ್ಟೋ ಸಲ ಮುಂದೆಯೇ ಕೂತು ಕೇಳಿದ್ದಾನೆ. ಗಿಡ ಹತ್ತಿದ ಗೆಳೆಯನ ಮಾತು ಬಂದಾಗ ಜನ ನಗುತ್ತಿದ್ದರು. ಅವನೂ ನಗುತ್ತಿದ್ದ.

"ಹೇಳ್ರಿ ಅಜ್ಜಾರ," ಎಂದಳು ನಿಶಾತ, ಪೆನ್ಸಿಲ್ ಹಿಡಿದು. "ಹುಲಿ ಆದ ಮ್ಯಾಲ ಅಂಜಿಕಿ ಇರತೈತೋ, ಹೋಗತೈತೋ? ಇರತೈತಿ ಅಂದ್ರ ಹುಲಿ ಯಾಕ ಆಗಬೇಕು? ಹೋಗತೈತಿ ಅಂದ್ರ ಅದು ಯುದ್ಧ ಹೆಂಗಾತು? ಹುಲಿ ಆಗಿ ನಿಂತೋರು ನೀವೊಬ್ಬರ. ನಮ್ಮ ದಾದಾನ್ನ ಕೇಳಿದ್ರ ಗಿಡ ಹತ್ತೂದು ಹೆಂಗ ಅಂತ ಹೇಳ್ತಾರ, ಅಷ್ಟ."

ಅವಳು ಅಜ್ಜನ ಕಡೆ ನೋಡಿ ನಕ್ಕಳು. ಮಕ್ತುಮ ಚಹಾದ ಕಪ್ಪಿಗೆ ಊದುತ್ತ ಅಂಗಳದ ಕಡೆ ನೋಡಿದ.

ಆಗಲೇ ಹೇಳಬಹುದಿತ್ತು. ಬೆಳಿಗ್ಗೆ ತಾನೇ ಮಠದಲ್ಲಿ ಸತ್ಯದ ಬಗ್ಗೆ ಒಂದು ತಾಸು ಮಾತಾಡಿ ಬಂದಿದ್ದೆ, ಗಂಟಲು ಇನ್ನೂ ಬೆಚ್ಚಗಿತ್ತು. ಆದರೆ ಬಾಯಿಗೆ ಬಂದದ್ದು ಹಳೆಯ ಪಾಠವೇ.

"ಪಟ್ಟಿ ಎಳದ ಕೂಡಲೇ ಹುಲಿಯ ಧೈರ್ಯ ಒಳಗ ಇಳೀತೈತಿ ತಂಗಿ. ಅಂಜಿಕಿ ಅನ್ನೂದು ಇರೂದ ಇಲ್ಲ."

"ನನಗ ಹಂಗ ಅನಸೂದಿಲ್ಲ," ಎಂದ ಮಕ್ತುಮ ಮೆಲ್ಲಗೆ. "ಗಾಡಿ ಬದಲಿ ಆಗತೈತಿ. ನಡಸಾಂವ ಅವನ ಇರತಾನ."

"ನೀವು ಸುಮ್ಮನಿರ್ರಿ ದಾದಾ. ನೀವು ನಿಂತೋರಲ್ಲ."

ಅವಳು ನನ್ನ ಮಾತಿನಂತೆ ಹುಲಿ ಬರೆದಳು. ಎದೆ ಉಬ್ಬಿಸಿ ನಿಂತ ಹುಲಿ. ಮುಂಗಾಲಿಗೆ ನನ್ನ ಜಗಲಿಯ ಕಡಗವನ್ನೂ ತೊಡಿಸಿದಳು. ಹಾಳೆಯನ್ನು ದೂರ ಹಿಡಿದು ನೋಡಿದಳು.

"ಫೋಟೋ ತಗಿಸ್ಕೊಳ್ಳಾಕ ನಿಂತಂಗ ಕಾಣತೈತಿ," ಎಂದಳು.

ಅಳಿಸಿದಳು. ಮತ್ತೆ ಬರೆದಳು. ಈ ಸಲ ಹುಲಿಗೆ ನನ್ನ ಮುಖದ ಕಳೆ ಬಂದಿತ್ತು, ಪುರಾಣ ಹೇಳುವಾಗಿನ ಕಳೆ. ಅದನ್ನೂ ಅಳಿಸಿದಳು. ಮೂರನೆಯ ಸಲಕ್ಕೆ ಹಾಳೆ ಸವೆದು ಹುಲಿಯ ಕಾಲ ಬಳಿ ತೂತು ಬಿತ್ತು. ಗಡಿಯಾರದಲ್ಲಿ ಹನ್ನೊಂದಾಗಿತ್ತು.

ನಿಶಾತ ಪೆನ್ಸಿಲ್ ಇಟ್ಟಳು. ಹದಿನೈದು ಹಾಳೆಗಳನ್ನು ಒಂದರ ಮೇಲೊಂದು ಕೂಡಿಸಿ ತನ್ನ ಚೀಲಕ್ಕೆ ಹಾಕತೊಡಗಿದಳು.

"ಹೋಗಲಿ ಬಿಡ್ರಿ. ಕೊಡೂದಿಲ್ಲ. ಸುಳ್ಳ ಹುಲಿ ಗ್ವಾಡಿಗೆ ಹಾಕಿದ್ರ ಮಂದಿ ನಗತಾರ."

ಸುಳ್ಳ ಹುಲಿ ಎಂದು ಅವಳು ಅಂದದ್ದು ಹಾಳೆಯ ಮೇಲಿನದಕ್ಕೆ. ನಾನು ಮಾತ್ರ ಎದ್ದು ದೇವರ ಮನೆಗೆ ಹೋದೆ. ಜಪಕ್ಕೆ ಎಂದು ಕೂತೆ, ಜಪ ಆಗಲಿಲ್ಲ. ಹೊಳೆಯುವ ಕಡಗದ ಮೇಲೆ ನನ್ನ ಮುಖ ಕಾಣುತ್ತಿತ್ತು, ಕಡಗ ದುಂಡಗಿದ್ದರಿಂದ ಮೂಗೊಂದೇ ದೊಡ್ಡದಾಗಿ, ಅದರ ಮೇಲೆ ವಿಭೂತಿ ಸೋರಿದ ಗೆರೆ. ಇಷ್ಟು ವರ್ಷ ಈ ಮುಖಕ್ಕೆ ಧೂಪ ಹಾಕಿದ್ದೇನಲ್ಲ ಎನಿಸಿತು. ಶಿವ ಏನೂ ಅನ್ನಲಿಲ್ಲ. ಅವನು ಅನ್ನುವುದಿಲ್ಲ, ಅದೇ ತೊಂದರೆ. ಮಕ್ತುಮನೂ ಹಾಗೇ.

ಹೊರಗೆ ಬಂದು ನೆಲದ ಮೇಲೆ ಕೂತೆ.

"ತಂಗಿ, ನನಗ ಅಂಜಿಕಿ ಎಷ್ಟು ಅಂತ ಗೊತ್ತೈತಿ," ಎಂದೆ. "ಅದು ಬೇವಿನ ಗಿಡದ ಎರಡನೇ ಟೊಂಗಿ ತನಕ ಇತ್ತು. ಇನ್ನೂ ಮ್ಯಾಲ ಹೋಗತಿತ್ತು, ಟೊಂಗಿ ಸಣ್ಣದಿತ್ತು."

ಅವಳಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. "ಗಿಡದ ಮ್ಯಾಲ ನೀವು ಯಾಕಿದ್ರಿ?"

"ಅಲ್ಲಿ ಇದ್ದಾಂವ ನಾನ. ಕೆಳಗ ನಿಂತಾಂವ ನಿಮ್ಮ ದಾದಾ. ಗೌಡರು ಕೇಳಿದಾಗ ಅಂವ ಹರಕಿ ಅಂತ ಬಾಯಿ ಮುಚ್ಚಿದ್ದ. ನಾ ಬಾಯಿ ತಗದೆ. ಇನ್ನೂ ಮುಚ್ಚಿಲ್ಲ."

ಒಳಗೆ ಶಿವಬಸವ್ವ ಪಾತ್ರೆ ತೊಳೆಯುವುದು ನಿಂತಿತು. ನಿಶಾತ ನನ್ನನ್ನು ಬಿಟ್ಟು ಅಜ್ಜನ ಕಡೆ ತಿರುಗಿದಳು. ನನಗೆ ಬೈಯಲಿಕ್ಕೂ ಅವಳಿಗೆ ಪುರಸೊತ್ತಿರಲಿಲ್ಲ. ಐವತ್ತೇಳು ವರ್ಷ ನಾನು ಅಂಜಿ ಕೂತಿದ್ದ ಗಳಿಗೆ ಇಷ್ಟರಲ್ಲಿಯೇ ಮುಗಿದುಹೋಯಿತು.

"ದಾದಾ, ಖರೇನ? ನಿಮಗ ಅಂಜಿಕಿ ಬಂದಿತ್ತಾ?"

ಮಕ್ತುಮ ಕಪ್ಪನ್ನು ಕೆಳಗಿಟ್ಟ. "ಬರದ ಏನವಾ. ಕಾಲು ಗಡಗಡ ನಡಗಾಕತ್ತಿದ್ವು. ಹಿಂದ ಬಾಲ ಕಟ್ಟಿದ್ರಲ್ಲ, ಅದೂ ನಡಗಾಕತ್ತಿತ್ತು. ಬಾಲ ಅಳ್ಳಾಡೂದು ನೋಡಿ ಹುಲಿಗೆ ಸಿಟ್ಟು ಬಂದೈತಿ ಅಂತ ತಿಳ್ಕೊಂಡು ನಾಯಿ ಹೋತು. ನಂದೇನೂ ಇಲ್ಲ ಅದರಾಗ."

"ಮತ್ತ ಓಡಲಿಲ್ಲ ಯಾಕ?"

"ಇಂವ ಗಿಡದ ಮ್ಯಾಲ ಇದ್ದ. ನಾ ಓಡಿದ್ರ ನಾಯಿ ಗಿಡದ ಬುಡಕ್ಕ ಕುಂದರತಿತ್ತು. ಇವಗ ಹತ್ತಾಕ ಬರತೈತಿ, ಇಳಿಯಾಕ ಬರೂದಿಲ್ಲ. ನಾಯಿ ಹೋದ ಮ್ಯಾಲ ಹೆಗಲು ಕೊಟ್ಟು ನಾನ ಇಳಿಸಿದೆ."

ಆ ಹೆಗಲನ್ನು ನಾನು ಪೂರ್ತಿ ಮರೆತಿದ್ದೆ. ಕಥೆಗೆ ನಾಯಿಗಳನ್ನು ಸೇರಿಸುವ ಗಡಿಬಿಡಿಯಲ್ಲಿ ಅದು ಉದುರಿಹೋಗಿತ್ತು.

"ಬಣ್ಣ ತೊಳದ ಮ್ಯಾಲರೆ ಹೇಳಬಾರದಿತ್ತೇನೋ?" ಎಂದೆ.

"ನಾ ತೊಳ್ಕೊಂಡು ಬರೂದರಾಗ ನೀ ಕಡಗ ಹಾಕ್ಕೊಂಡು ಮೂರು ಓಣಿ ತಿರಗಿ ಬಂದಿದ್ದಿ. ನಿಮ್ಮವ್ವ ನಿನ್ನ ದೃಷ್ಟಿ ತಗ್ಯಾಕತ್ತಿದ್ರು. ಆಗ ಏನು ಹೇಳೂದು? ಆಮ್ಯಾಲ ನೀ ಮಾಸ್ತರ ಆದಿ. ಆಮ್ಯಾಲ ನಾಯಿ ನಾಕು ಆದ್ವು. ಆ ನಾಕು ನಾಯಿ ಎದುರಿಗೆ ನಾನಂತೂ ನಿಂತಿಲ್ಲಪಾ, ಖರೇ ಹೇಳ್ತೇನಿ."

ಒಳಗಿನಿಂದ ಶಿವಬಸವ್ವಳ ದನಿ ಬಂತು. "ನಲವತ್ತು ವರ್ಷ ತಿಕ್ಕೇನಿ ನಾ ಅದನ್ನ. ಹುಣಸಿಹಣ್ಣು ಎಷ್ಟು ಹೋತೋ."

ನಿಶಾತ ಆಗಲೇ ಹೊಸ ಹಾಳೆ ತೆಗೆದಿದ್ದಳು. ನಾವು ಮುದುಕರಿಬ್ಬರೂ ನೋಡುತ್ತ ಕೂತೆವು. ಧೂಳಾಸುರ ಹಾಳೆಯ ಮುಕ್ಕಾಲು ಭಾಗ ತುಂಬಿಕೊಂಡಿದ್ದ. ಕೆಳಗೆ ಹುಲಿ ಸಣ್ಣದು, ಹೊಟ್ಟೆ ಒಳಗೆ ಎಳೆದುಕೊಂಡಿತ್ತು, ಮುಂಗಾಲು ಒಂದಕ್ಕೊಂದು ತಾಗುವಂತಿದ್ದವು. ಅದರ ಬೆನ್ನ ಹಿಂದೆ ಕಾರ್ಖಾನೆಯ ಬಾಗಿಲು, ಬಾಗಿಲ ಸಂದಿಯಲ್ಲಿ ಕೆಲಸದವರ ಕಣ್ಣುಗಳು. ಬಾಲದ ಸುತ್ತ ಅವಳು ಸಣ್ಣ ಸಣ್ಣ ಗೆರೆ ಎಳೆದಳು, ಬಾಲ ನಡುಗುತ್ತಿರುವುದು ಕಾಣುವಂತೆ. ಧೂಳಾಸುರನ ದೊಡ್ಡ ಕಣ್ಣು ಆ ಬಾಲದ ಮೇಲೆ ನೆಟ್ಟಿತ್ತು. ಅವನ ಒಂದು ಹೆಜ್ಜೆ ಹಿಂದೆ ಸರಿದಿತ್ತು.

ಕೆಳಗೆ ಮೂರನೆಯ ನಿಯಮ ಬರೆದಳು: 'ರೂಪೇಶ ಹುಲಿಯಾದರೂ ಅಂಜಿಕೆ ರೂಪೇಶನದೇ. ಹಿಂದೆ ಯಾರಾದರೂ ಇದ್ದರೆ ಮಾತ್ರ ನಿಲ್ಲಬಲ್ಲ.'

"ಗಿಡ ಯಾಕ ಬರಿಲಿಲ್ಲ?" ಎಂದು ಕೇಳಿದೆ, ಕಥೆಯಲ್ಲಿ ನನಗೂ ಒಂದು ಜಾಗ ಸಿಗಬಹುದೇನೋ ಎಂಬ ಆಸೆಯಿಂದ.

ಅವಳು ಯೋಚಿಸಿ, ಬಾಗಿಲ ಮಗ್ಗುಲಿಗೆ ಒಂದು ಬೇವಿನ ಗಿಡ ಬರೆದಳು. ಅದರ ಎರಡನೆಯ ಟೊಂಗೆಗೆ ವಿಭೂತಿ ಹಚ್ಚಿದ ಒಂದು ಮಂಗ ತಬ್ಬಿಕೊಂಡಿತ್ತು.

"ಕಳೆ ಬಂದೈತಿ," ಎಂದ ಮಕ್ತುಮ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹೊರಗೆ ಹಾರ್ನ್ ಕೇಳಿತು. ನಿಶಾತಳ ತಂದೆ ರಿಯಾಜ ಬಂದಿದ್ದ. ಅವಳು ಹದಿನಾರು ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಎದ್ದಳು. ಹೊಸ್ತಿಲು ದಾಟುವ ಮುಂಚೆ ತಿರುಗಿ ಬಂದು ಅಜ್ಜನ ಟೋಪಿ ಸರಿ ಮಾಡಿ ಹೋದಳು. ಗಾಡಿಯ ಸದ್ದು ಓಣಿ ದಾಟುವ ತನಕ ಮಕ್ತುಮ ಟೋಪಿಯ ಮೇಲೆ ಕೈ ಇಟ್ಟುಕೊಂಡೇ ಇದ್ದ.

ಮಳೆ ಆಗಲೂ ಬರುತ್ತಿರಲಿಲ್ಲ, ನಿಂತೂ ಇರಲಿಲ್ಲ. ಶಿವಬಸವ್ವ ಎರಡನೆಯ ಸಲ ಚಹಾ ತಂದಿಟ್ಟಳು. ನನ್ನ ಕಪ್ಪು ಮಕ್ತುಮನದಕ್ಕಿಂತ ಸ್ವಲ್ಪ ಕಡಿಮೆ ತುಂಬಿತ್ತು. ಮುಂದಿನ ಪುರಾಣದಲ್ಲಿ ಧೈರ್ಯದ ಪ್ರಸಂಗ ಬಂದರೆ ಏನು ಹೇಳಲಿ ಎಂಬ ಚಿಂತೆ ಹತ್ತಿತು. ಗಿಡ ಹತ್ತಿದ್ದನ್ನೇ ಹೇಳಬೇಕು. ಅದನ್ನೂ ಹೇಳುತ್ತ ಹೇಳುತ್ತ ಗಿಡದ ಎತ್ತರ ಬೆಳೆಸದಂತೆ ಶಿವನೇ ಕಾಯಬೇಕು.

ನಾನು ದೇವರ ಮನೆಗೆ ಹೋಗಿ ಬಂದೆ. ಹನ್ನೊಂದು ವರ್ಷದ ಕೈಗೆ ಮಾಡಿದ ಕಡಗ, ಮಕ್ತುಮನ ಮಣಿಕಟ್ಟಿಗೆ ಹೋಗುವ ಮಾತೇ ಇರಲಿಲ್ಲ. ಅಂಟಿದ್ದ ವಿಭೂತಿಯನ್ನು ಧೋತರದ ಚುಂಗಿನಿಂದ ಒರೆಸಿ, ಮಾತಾಡದೆ, ಅವನ ಅಂಗೈಯಲ್ಲಿ ಇಟ್ಟೆ.