ಹದಿನಾಲ್ಕನೇ ಮರದ ಆರು ರಾತ್ರಿಗಳು

ನಮ್ಮ ಕಂಪನಿಯಲ್ಲಿ ಇದ್ದವರು ಇಬ್ಬರೇ. ಮಾಲೀಕರು ಮಾರ್ಲಿಸ್ ಹೌಗನ್, ಅರವತ್ತು ದಾಟಿದವರು. ಕೆಲಸಕ್ಕೆ ನಾನು, ಕೋಲ್ಬಿ. ಅಮೆರಿಕದ ಓರೆಗಾನ್ ಕರಾವಳಿಯ ಬೆಟ್ಟಗಳಲ್ಲಿ ಐವತ್ತು ಅರವತ್ತು ಎಕರೆ ಕಾಡು ಇಟ್ಟುಕೊಂಡವರು ಮರ ಕಡಿಯುವ ಮೊದಲು ಅಲ್ಲಿ ಅಳಿವಿನಂಚಿನ ಗೂಬೆ ಗೂಡು ಕಟ್ಟಿಲ್ಲವೆಂದು ಅರಣ್ಯ ಇಲಾಖೆಗೆ ತೋರಿಸಬೇಕಿತ್ತು. ಮಾರ್ಲಿಸ್ ಮರಕ್ಕೆ ರೆಕಾರ್ಡರ್ ಕಟ್ಟಿ ಆರು ರಾತ್ರಿಯ ಸದ್ದು ಹಿಡಿದು ತರುತ್ತಿದ್ದರು. ನಾನು ಅದನ್ನು ಕ್ಲೌಡ್‌ಗೆ ಏರಿಸುತ್ತಿದ್ದೆ. ಅಲ್ಲಿನ ಬಾಡಿಗೆ ಕಂಪ್ಯೂಟರುಗಳು ಅದರಲ್ಲಿ ಗೂಬೆಯ ಕೂಗು ಹುಡುಕುತ್ತಿದ್ದವು.

ತಿಂಗಳ ಬಿಲ್ಲು ಸಾವಿರದ ಒಂಬೈನೂರು ಡಾಲರ್ ಮುಟ್ಟಿದ ದಿನ ಮಾರ್ಲಿಸ್ ಅದನ್ನು ನನ್ನ ಮೇಜಿನ ಮೇಲೆ ಇಟ್ಟರು.

“ಇದು ಐನೂರಕ್ಕೆ ಇಳೀಬೇಕು ಕಣಪ್ಪ. ಇಲ್ದಿದ್ರೆ ರೇಟು ಏರಿಸ್ಬೇಕು. ಏರಿಸಿದ್ರೆ ಪಿಕೆಟ್‌ನಂಥ ಸಣ್ಣ ಕಾಡಿನೋರು ಬರಲ್ಲ. ಅವ್ರು ಬರದಿದ್ರೆ ನೀನೂ ಮನೆಗೆ, ನಾನೂ ಮನೆಗೆ.”

ದಿನವಿಡೀ ಸುಮ್ಮನೆ ಓಡುತ್ತಿದ್ದ ಬಾಡಿಗೆ ಕಂಪ್ಯೂಟರುಗಳು ಕೆಲಸವಿದ್ದಾಗ ಮಾತ್ರ ಓಡುವಂತೆ ಮಾಡಿದೆ. ಬೇರೆಯವರಿಗೆ ಬೇಡದ ಹೊತ್ತಿನಲ್ಲಿ ಅವೇ ಕಂಪ್ಯೂಟರುಗಳು ಅಗ್ಗಕ್ಕೆ ಸಿಗುತ್ತವೆ. ಕೆಲಸವನ್ನು ಆ ಹೊತ್ತಿಗೆ ತಳ್ಳಿದೆ. ಉಳಿದದ್ದು, ಸದ್ದನ್ನು ಇಟ್ಟುಕೊಳ್ಳುವ ಜಾಗದ ಬಾಡಿಗೆ. ಇಟ್ಟದ್ದರ ಹತ್ತರಲ್ಲಿ ಒಂಬತ್ತು ಪಾಲಿನಲ್ಲಿ ಗೂಬೆಯ ಕೂಗೇ ಇರಲಿಲ್ಲ. ಕೂಗು ಇಲ್ಲದ ರಾತ್ರಿಗಳು ಮೂವತ್ತು ದಿನಕ್ಕೆ ತಾವಾಗಿ ಅಳಿಯುವಂತೆ ನಿಯಮ ಹಾಕಿದೆ. ಮಾರ್ಲಿಸ್‌ರನ್ನು ಕೇಳಲಿಲ್ಲ.

ಬಿಲ್ಲು ನಾನೂರ ಹತ್ತಕ್ಕೆ ಇಳಿಯಿತು. ಮಾರ್ಲಿಸ್ ಬೆರ್ರಿ ಹಣ್ಣಿನ ಪೈ ಮಾಡಿ ತಂದರು.

ಜೂನ್ ಮೊದಲ ವಾರ ಅರಣ್ಯ ಇಲಾಖೆಯ ಪತ್ರ ಬಂತು: ಡ್ವೇನ್ ಪಿಕೆಟ್ ಅವರ ಕಾಡಿನ ಹದಿನಾಲ್ಕನೇ ಮರದ ಆರು ರಾತ್ರಿಗಳ ಸದ್ದು ಕಳುಹಿಸಿ. ಆ ರಾತ್ರಿಗಳು ಕಳೆದು ನಲವತ್ತೊಂದು ದಿನವಾಗಿತ್ತು.

ಆ ದಿನವೆಲ್ಲ ನಾನು ಏನೂ ಹೇಳಲಿಲ್ಲ. ಸುಮ್ಮನಿರುವುದು ಸುಳ್ಳಲ್ಲ ಎಂದುಕೊಂಡೇ ಬೆಳೆದವನು ನಾನು. ಮರುದಿನ, ಇನ್ನೂ ಮೂವತ್ತು ದಿನ ತುಂಬದೆ ಉಳಿದಿದ್ದ ಒಂಬತ್ತನೇ ಮರದ ಆರು ರಾತ್ರಿಗಳನ್ನು ತೆಗೆದು ಹೆಸರು, ತಾರೀಖು ಬದಲಿಸಿದೆ. ಅದೂ ಅದೇ ಬೆಟ್ಟ, ಅಲ್ಲೂ ಗೂಬೆ ಇರಲಿಲ್ಲ. ಇಲ್ಲ ಎಂಬುದರಲ್ಲಿ ಏನು ವ್ಯತ್ಯಾಸ ಇದ್ದೀತು?

ಸಹಿ ಹಾಕುವ ಮೊದಲು ಸ್ವಲ್ಪ ಕೇಳುವುದು ಮಾರ್ಲಿಸ್‌ರ ಅಭ್ಯಾಸ. ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರು. ಅರ್ಧ ನಿಮಿಷವಾಗಿರಬಹುದು.

“ಇದು ಒಂಬತ್ತನೇ ಮರ.”

ಕಣ್ಣು ತೆರೆದು ನನ್ನ ಕಡೆ ತಿರುಗಿದರು.

“ಹದಿನಾಲ್ಕರ ಪಕ್ಕ ದಾರಿ ಕೆಳಗೆ ಮೋರಿ ಇದೆ. ನೀರಿನ ಸದ್ದು ಇರ್ಬೇಕು. ಎಲ್ಲೋಯ್ತು?”

“ಅಳಿಸಿಬಿಟ್ಟೆ. ಅದರಲ್ಲಿ ಗೂಬೆ ಇರ್ಲಿಲ್ಲ, ಅದಕ್ಕೆ.”

“ಗೂಬೆ ಇಲ್ಲ ಅನ್ನೋದನ್ನೇ ಕಣೋ ನಾವು ಮಾರೋದು!” ಹೆಡ್‌ಫೋನ್ ತೆಗೆದಿಟ್ಟರು. “ಬೆಟ್ಟವೆಲ್ಲ ಹುಡುಕಿದ್ರೂ ಸಿಗದ ಗೂಬೆ ನನ್ನ ಆಫೀಸಲ್ಲೇ ಕೂತಿತ್ತು ನೋಡು.”

ಇಬ್ಬರೂ ನಗಲಿಲ್ಲ. ಮಾರ್ಲಿಸ್ ಬಿಲ್ಲನ್ನು ಎಳೆದುಕೊಂಡು ಕೇಳಿದರು. “ಎಲ್ಲಾ ಇಟ್ಕೊಂಡ್ರೆ ಬಿಲ್ಲು ಮತ್ತೆ ಮೊದಲಿನಷ್ಟೇ ಆಗುತ್ತಾ?”

“ಇಲ್ಲ. ಕ್ಲೌಡ್‌ನಲ್ಲೇ ಅಗ್ಗದ ಉಗ್ರಾಣ ಒಂದಿದೆ. ತಿಂಗಳಿಗೆ ಅರವತ್ತು ಡಾಲರ್ ಜಾಸ್ತಿ. ಆದ್ರೆ ಇಟ್ಟಿದ್ದು ವಾಪಸ್ ಬೇಕು ಅಂದ್ರೆ ಅರ್ಧ ದಿನ ಕಾಯ್ಬೇಕು.”

“ಅರವತ್ತು ಡಾಲರಿಗೆ ಇಷ್ಟೆಲ್ಲ ಮಾಡಿದ್ಯಾ?” ಫೋನನ್ನು ನನ್ನ ಕಡೆ ತಳ್ಳಿದರು. “ಪಿಕೆಟ್‌ಗೆ ನೀನೇ ಹೇಳು. ಏನೇನು ಮಾಡಿದೆ, ಎಲ್ಲಾ ಹೇಳು.”

ಹೇಳಿದೆ. ಆ ಕಡೆಯಿಂದ ಪಿಕೆಟ್ ಧ್ವನಿ ಏರಿತು.

“ಸೋಮವಾರ ಮರ ಕಡಿಯೋರು ಬರ್ತಿದ್ರಲ್ಲೋ.”

“ಅವರನ್ನ ಎರಡು ವಾರ ಮುಂದಕ್ಕೆ ಹಾಕ್ಬೇಕಾಗುತ್ತೆ ಸರ್. ಮತ್ತೆ ಆರು ರಾತ್ರಿ ಹಿಡೀಬೇಕು.”

“ಹಿಡಿ. ಈ ಸಲ ನಾನೇ ಕೇಳ್ತೀನಿ. ಸರಿ ಅನ್ನಿಸದಿದ್ರೆ ನಿಮ್ಮ ಸಹವಾಸವೇ ಬೇಡ.”

ಈ ಸಲ ರೆಕಾರ್ಡರ್ ಕಟ್ಟಿದ್ದು ನಾನು. ಆರು ರಾತ್ರಿ ಕಳೆದವು, ಗೂಬೆ ಕೂಗಲಿಲ್ಲ. ಒಂದು ಪ್ರತಿಯನ್ನು ಇಲಾಖೆಗೆ ಕಳುಹಿಸಿ, ಎಲ್ಲವನ್ನೂ ಉಗ್ರಾಣಕ್ಕೆ ಹಾಕಿದೆ. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಪಿಕೆಟ್ ಹೇಳದೆ ಕೇಳದೆ ಬಂದು ಕೂತರು.

“ಹಾಕು ಹದಿನಾಲ್ಕನ್ನ.”

“ಉಗ್ರಾಣದಿಂದ ಬರಬೇಕು ಸರ್. ಸಂಜೆ ಆಗುತ್ತೆ.”

“ಏನೂ ಇಲ್ದಿರೋದು ಬರೋಕೆ ಸಂಜೆ ಆಗುತ್ತಾ?”

ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮಾರ್ಲಿಸ್ ಕೊಟ್ಟ ಕಾಫಿ ಕುಡಿದರು, ಹಳೆಯ ಪತ್ರಿಕೆ ಓದಿದರು, ಕುರ್ಚಿಯಲ್ಲೇ ನಿದ್ದೆ ಮಾಡಿದರು. ನಾಲ್ಕೂವರೆಗೆ ಸದ್ದು ಬಂತು. ಹೆಡ್‌ಫೋನ್ ಹಾಕಿ ತಲೆ ತಗ್ಗಿಸಿದರು. ನಾನೂ ಮಾರ್ಲಿಸ್‌ರೂ ನಿಂತೇ ಇದ್ದೆವು.

“ಮೋರಿಗೆ ಕಸ ಕಟ್ಕೊಂಡಿದೆ,” ಎಂದರು ಪಿಕೆಟ್ ಕೊನೆಗೆ. “ನೀರು ತಡೆದು ತಡೆದು ಹೋಗ್ತಿದೆ. ಇದು ನನ್ನ ಕಾಡೇ.”

ಹೊರಡುವಾಗ ಬಾಗಿಲಲ್ಲಿ ನಿಂತು, “ಅಕ್ಟೋಬರಲ್ಲಿ ಮೇಲಿನ ಇಪ್ಪತ್ತು ಎಕರೆ ಇದೆ. ರೇಟು ಅದೇ ತಾನೆ?” ಎಂದರು.

“ಅದೇ,” ಎಂದರು ಮಾರ್ಲಿಸ್.