ಬೀರುವಿನ ತಳದ ದುಪ್ಪಟಿ

ರಜೆ ಸಿಕ್ಕಿದರೆ ಜನ ಸಮುದ್ರದ ದಂಡೆಗೆ ಹೋಗಿ ಹಾಯಾಗಿ ಬಿದ್ದುಕೊಳ್ಳುತ್ತಾರೆ. ಅರ್ಮೆಲ್ ಅಂಥವಳಲ್ಲ. ಪ್ರತಿ ಆಗಸ್ಟಿನಲ್ಲೂ ಗಂಡನನ್ನು ಎಳೆದುಕೊಂಡು ಒವೆರ್ನ್ ಬೆಟ್ಟದ ಹಳ್ಳಿಗಳನ್ನು ಸುತ್ತಿ, ಯಾರದೋ ಅಜ್ಜಿಯರ ಲಿನನ್ ದುಪ್ಪಟಿಗಳನ್ನು ಹುಡುಕಿ ತರುವವಳು. ಲೀಲ್ ಪಟ್ಟಣದ ಅವಳ ಮನೆಯಲ್ಲಿ ಆಗಲೇ ಎರಡು ಬೀರು ತುಂಬಿದ್ದವು.

"ಇನ್ನೊಂದು ದುಪ್ಪಟಿ ತಂದ್ರೆ ನಾವಿಬ್ರೂ ಬೀದೀಲಿ ಮಲಗ್ಬೇಕಾಗುತ್ತೆ ನೋಡು," ಎಂದ ಗಂಡ ಗಾಸ್ಪಾರ್.

"ಮಲಗು. ಹಾಸೋಕಂತೂ ಬೇಕಾದಷ್ಟಿದೆ!"

ಆ ದಿನ ಮಧ್ಯಾಹ್ನ ರಸ್ತೆ ಪಕ್ಕ 'ಮನೆ ಸಾಮಾನು ಮಾರಾಟಕ್ಕಿದೆ' ಎಂಬ ಹಲಗೆ ಕಂಡಿತು. ಕಪ್ಪುಕಲ್ಲಿನ ಒಂಟಿ ಮನೆ, ಮಗ್ಗುಲಲ್ಲೇ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ತಾಮ್ರದ ಪಾತ್ರೆ, ಗಡಿಯಾರ, ಕುರ್ಚಿಗಳನ್ನು ಹರಡಿಕೊಂಡು ನಿಂತಿದ್ದವನು ಫಿರ್ಮಾಂ. ಐವತ್ತರ ಆಸುಪಾಸು. ಮಾತಿನಲ್ಲಿ ಬೆಣ್ಣೆ, ಕಣ್ಣು ಮಾತ್ರ ಒಂದು ಕಡೆ ನಿಲ್ಲದು.

"ಎಲ್ಲಾ ನಮ್ಮ ಚಿಕ್ಕಮ್ಮ ಲಿಯೋಂತೀನ್‌ದು ಮದಾಮ್. ಜನವರೀಲಿ ಹೋಗ್ಬಿಟ್ಲು ಪಾಪ. ಬಟ್ಟೆ ಬೇಕಾ? ಒಳಗೆ ಬೀರುನಲ್ಲಿದೆ, ಬನ್ನಿ."

ಬೀರು ತೆರೆದದ್ದೇ ತಡ, ಅರ್ಮೆಲ್‌ಗೆ ಉಸಿರು ನಿಂತ ಹಾಗಾಯಿತು. ಮದುವೆಗೆ ಮುಂಚೆ ಹುಡುಗಿ ತಾನೇ ಕೂತು ಕೆಂಪು ದಾರದಲ್ಲಿ ಹೆಸರಿನ ಅಕ್ಷರ ಹೊಲಿದ ದುಪ್ಪಟಿಗಳು, ಒಂದರ ಮೇಲೊಂದು. ಎತ್ತುತ್ತಾ ಹೋದಳು. ಎಲ್ಲಕ್ಕಿಂತ ಕೆಳಗೆ ಒಂದಿತ್ತು. ಹಾಲಿನಂತೆ ಬಿಳುಪು, ಒಮ್ಮೆಯೂ ಯಾರೂ ಮಲಗಿರದ ಗರಿಗರಿ. ಅವಳ ಕೈ ತಾನಾಗಿ ಹಿಂದೆ ಸರಿಯಿತು.

ಅವಳ ಅಜ್ಜಿಯೂ ಇದೇ ಬೆಟ್ಟದವಳು. ತಳದ ದುಪ್ಪಟಿ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಹೆಣ್ಣು ತನ್ನ ಕೊನೆಗೆಂದು ತಾನೇ ಎತ್ತಿಟ್ಟುಕೊಂಡದ್ದು. ಪ್ರಾಣ ಹೋದ ಮೇಲೆ ಕೇರಿಯ ಹೆಂಗಸೊಬ್ಬಳು ಬಂದು ತೆಗೆದು ಹೊದಿಸುತ್ತಾಳೆ. ಅಲ್ಲಿಯವರೆಗೆ ಅದನ್ನು ಮಗಳೂ ಮುಟ್ಟುವಂತಿಲ್ಲ.

"ಇದನ್ನ ಅವ್ರಿಗೆ ಹೊದಿಸ್ಲಿಲ್ವಾ?"

"ಅಯ್ಯೋ, ಗಂಡಸ್ರಿಗೆ ಅದೆಲ್ಲಾ ಎಲ್ಲಿ ಗೊತ್ತಾಗುತ್ತೆ ಮದಾಮ್? ಆಸ್ಪತ್ರೆಯವ್ರು ಏನೋ ಸುತ್ತಿದ್ರು."

ಅಷ್ಟರಲ್ಲಿ ಮೇಲಿನಿಂದ ಟಕ್ ಟಕ್ ಎಂದು ಸದ್ದಾಯಿತು. ನಿಂತಿತು. ಮತ್ತೆ ಟಕ್ ಟಕ್. ಫಿರ್ಮಾಂ ರೇಡಿಯೋ ಜೋರು ಮಾಡಿದ.

"ಪಾರಿವಾಳ. ಅಟ್ಟ ತುಂಬಾ ಪಾರಿವಾಳ."

ಅರ್ಮೆಲ್ ಒಮ್ಮೆ ಕತ್ತೆತ್ತಿ ಮೇಲೆ ನೋಡಿದಳು. ಆದರೆ ಆಸೆ ಅನ್ನುವುದು ಇದೆಯಲ್ಲ, ಅದಕ್ಕೆ ಕಿವಿ ಎಲ್ಲಿಂದ ಬರಬೇಕು? ಹೋದವಳು ಹೋದಳು, ಇವನ ಕೈಯಲ್ಲಿ ಇಲಿ ಕಡಿದು ಹಾಳಾಗುವ ಬದಲು ನನ್ನ ಹತ್ತಿರವೇ ಇರಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಅವನು ಕೇಳಿದಷ್ಟು ಕೊಟ್ಟು, ದುಪ್ಪಟಿ ಎತ್ತಿಕೊಂಡು ಬಂದುಬಿಟ್ಟಳು.

ಕಾರು ಎರಡು ತಿರುವು ದಾಟಿರಬೇಕು. ಮಡಿಕೆ ಬಿಡಿಸಿ ನೋಡುತ್ತಿದ್ದಾಗ ಒಳಗಿಂದ ಚಿಕ್ಕದೊಂದು ಎಲೆಕಡ್ಡಿ ತೊಡೆಯ ಮೇಲೆ ಬಿತ್ತು. ಈಸ್ಟರ್ ಹಬ್ಬಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಪಾದ್ರಿ ಮಂತ್ರಿಸಿ ಕೊಡುವ ಬುಯಿ ಗಿಡದ ಕಡ್ಡಿ. ಪ್ರತಿವರ್ಷ ಆ ದಿನ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕು, ಅದೂ ದುಪ್ಪಟಿಯ ಒಡತಿಯೇ ತನ್ನ ಕೈಯಾರೆ. ವರ್ಷ ಹಳೆಯದಾದರೆ ಹಳದಿಯಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಇದು ಬಾಗಿಸಿದರೆ ಬಾಗಿತು. ಎಲೆ ಇನ್ನೂ ಹಸಿರು.

ಈ ವರ್ಷ ಗರಿಗಳ ಭಾನುವಾರ ಬಂದದ್ದು ಏಪ್ರಿಲ್‌ನಲ್ಲಿ.

"ಗಾಸ್ಪಾರ್, ಕಾರ್ ತಿರುಗ್ಸು. ಆ ಮುದುಕಿ ಸತ್ತಿಲ್ಲ!"

"ಏನೇ ನಿಂದು? ತಲೆ ಗಿಲೆ ಕೆಟ್ಟಿದ್ಯಾ?"

"ಜನವರೀಲಿ ಸತ್ತೋಳು ಏಪ್ರಿಲ್‌ನಲ್ಲಿ ಬಂದು ಕಡ್ಡಿ ಇಡ್ತಾಳೇನೋ? ಮೇಲೆ ಬಡೀತಿದ್ದದ್ದು ಪಾರಿವಾಳ ಅಲ್ವೋ ಮಾರಾಯ. ತಿರುಗ್ಸೋ!"

ಅವಳ ಮುಖ ನೋಡಿ ಗಾಸ್ಪಾರ್ ಬ್ರೇಕ್ ಒತ್ತಿದ. ಕಾರು ತಿರುಗಿಸುತ್ತಲೇ ಪೊಲೀಸರಿಗೆ ಫೋನು ಮಾಡಿದ. ಅರ್ಧ ಗಂಟೆ ಆಗುತ್ತದೆ, ನೀವು ಒಳಗೆ ಹೋಗಬೇಡಿ ಎಂದರು ಅವರು. ಅರ್ಧ ಗಂಟೆ ಕಾಯಲು ಅರ್ಮೆಲ್‌ಳ ಮನಸ್ಸು ಒಪ್ಪಲಿಲ್ಲ. ರೇಡಿಯೋ ಜೋರು ಮಾಡಿದಾಗಲೇ ಕೇಳಬೇಕಿತ್ತು, ಕೇಳಲಿಲ್ಲ, ಥೂ ನನ್ನ ಜನ್ಮಕ್ಕೆ ಎಂದು ಅವಳು ಒಳಗೊಳಗೇ ಬೇಯುತ್ತಿದ್ದಳು.

ಮನೆ ತಲುಪಿದ್ದೇ ಗಾಸ್ಪಾರ್ ನೇರ ಕೊಟ್ಟಿಗೆಗೆ ಹೋಗಿ, ಫಿರ್ಮಾಂನನ್ನು ಅಲ್ಲೇ ಹಿಡಿದಿಡಲು ತಾಮ್ರದ ಹಂಡೆಯೊಂದರ ಚೌಕಾಸಿಗೆ ನಿಂತ. ಅರ್ಮೆಲ್ ದುಪ್ಪಟಿಯನ್ನು ತೋಳ ಮೇಲೆ ಹಾಕಿಕೊಂಡು ಮನೆಯೊಳಗೆ ನುಗ್ಗಿದಳು. ಫಿರ್ಮಾಂ ಅಡ್ಡ ಬಂದರೆ, ಕಲೆ ಇದೆ, ವಾಪಸ್ ಇಡಲು ಬಂದೆ ಅನ್ನಬಹುದು. ಇನ್ನೂ ನಿಜ ಹೇಳಬೇಕೆಂದರೆ, ಅದನ್ನು ಕಾರಿನಲ್ಲಿ ಬಿಟ್ಟು ಬರಲು ಅವಳಿಗೆ ಧೈರ್ಯವಾಗಲಿಲ್ಲ. ಅದು ಇರಬೇಕಾದ ಕಡೆ ಇಟ್ಟುಬಿಟ್ಟರೆ ಸಾಕು ಅನಿಸಿತ್ತು.

ಆದರೆ ಮೊದಲು ಮೆಟ್ಟಿಲು. ಮೇಲಿನ ಬಾಗಿಲಿಗೆ ಹೊರಗಿಂದ ಚಿಲಕ. ತೆಗೆದಳು. ಮೂತ್ರದ, ಹುಳಿಹಾಲಿನ ನಾತ ಮುಖಕ್ಕೆ ರಾಚಿತು. ಕಿಟಕಿ ಮುಚ್ಚಿದ್ದ ಕೋಣೆಯ ಮಂಚದ ಮೇಲೆ ಒಂದು ಹಿಡಿ ಮೂಳೆಯಾಗಿ ಲಿಯೋಂತೀನ್ ಕುಳಿತಿದ್ದಳು. ಕೈಯಲ್ಲಿ ಊರುಗೋಲು. ನೆಲ ಬಡಿದು ಬಡಿದು ಅದರ ತುದಿ ಜಜ್ಜಿಹೋಗಿತ್ತು. ಆದರೂ ಕಣ್ಣುಗಳು ನಿಗಿನಿಗಿ ಉರಿಯುತ್ತಿದ್ದವು. ಬದುಕಿದ್ದಳು, ದೇವರೇ, ಬದುಕಿದ್ದಳು!

"ಅಜ್ಜೀ..." ಎಂದು ಅರ್ಮೆಲ್ ಒಂದು ಹೆಜ್ಜೆ ಮುಂದಿಟ್ಟಳು.

ಮುದುಕಿ ಅವಳ ಮುಖ ನೋಡಲಿಲ್ಲ. ತೋಳ ಮೇಲಿದ್ದುದನ್ನು ನೋಡಿದಳು. ತಾನು ಹತ್ತೊಂಬತ್ತರ ಹರೆಯದಲ್ಲಿ ಹೊಲಿದ ಕೆಂಪು ಅಕ್ಷರ ನೋಡಿದಳು. ಕಣ್ಣಿನ ಉರಿ ಮೆಲ್ಲಗೆ ಆರಿತು.

"ತೆಗೆದ್ರಾ," ಎಂದಳು. "ಹಾಗಾದ್ರೆ ಆಯ್ತು ಬಿಡು. ನಾನು ಹೋಗಿದ್ದು ನಂಗೇ ತಿಳೀಲಿಲ್ಲ ನೋಡು."

"ಅಲ್ಲಜ್ಜಿ, ಅಲ್ಲ! ನಾನು ಅದಕ್ಕೆ ಬಂದಿಲ್ಲ. ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದೆ. ಪೊಲೀಸ್ರು ಬರ್ತಿದಾರೆ."

"ನೀನು ಯಾರ ಮನೆಯವಳಮ್ಮ? ನಮ್ಮ ಕೇರಿ ಮೆಲೀನಾ ಮೊಮ್ಮಗಳಾ? ಒಳ್ಳೇದಾಯ್ತು ಬಂದಿದ್ದು."

ಅವಳು ಊರುಗೋಲು ಪಕ್ಕಕ್ಕಿಟ್ಟಳು. ಮಲಗಿ ಕಾಲು ನೀಡಿದಳು, ಕೂದಲನ್ನು ಕೈಯಿಂದಲೇ ಹಿಂದಕ್ಕೆ ಒತ್ತಿಕೊಂಡಳು, ಎದೆಯ ಮೇಲೆ ಕೈ ಜೋಡಿಸಿದಳು. ನಾಲ್ಕು ತಿಂಗಳು ಹಲ್ಲು ಕಚ್ಚಿ ಬದುಕಿದ್ದವಳು ಕೆಲಸ ಮುಗಿಸಿದವಳಂತೆ ಕಣ್ಣು ಮುಚ್ಚಿದಳು. ಅರ್ಮೆಲ್ ಮಂಡಿಯೂರಿ ಅವಳ ಕೆನ್ನೆ ತಟ್ಟಿದಳು, ನೀರು ಚಿಮುಕಿಸಿದಳು, ಕೂಗಿದಳು.

"ಕಣ್ಣು ಬಿಡಿ ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಕಣ್ಣು ಬಿಡಿ!"

"ಕೂಗ್ಬೇಡ ಮಗಳೇ," ಎಂದಳು ಮುದುಕಿ, ತೀರ ಸಣ್ಣ ದನಿಯಲ್ಲಿ. "ನೆಲಕ್ಕೆ ತಾಗಿಸ್ಬೇಡ ಅದನ್ನ. ಬೀರುವಿಂದ ತೆಗೆದವಳೇ ಹೊದಿಸ್ಬೇಕು. ಬೇರೆಯವ್ರಿಗೆ ಬಿಡ್ಬೇಡ."

ಅಂಗಳದಲ್ಲಿ ಪೊಲೀಸರ ಕಾರು ನಿಂತ ಸದ್ದಾಯಿತು. ಗಾಸ್ಪಾರ್ ಏನೋ ಕೂಗುತ್ತಿದ್ದ, ಫಿರ್ಮಾಂ ಅದಕ್ಕಿಂತ ಜೋರಾಗಿ ಕೂಗುತ್ತಿದ್ದ. ಬೂಟುಗಳು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮುದುಕಿಯ ಉಸಿರು ನಿಂತಿತ್ತು. ಮೊದಲು ಒಳಗೆ ಬಂದ ಪೊಲೀಸನು ನಾಡಿ ಹಿಡಿದು ನೋಡಿ, ತಲೆಯಾಡಿಸಿ, ಅರ್ಮೆಲ್‌ಳ ತೋಳಿನಿಂದ ದುಪ್ಪಟಿ ತೆಗೆದುಕೊಳ್ಳಲು ಕೈ ಚಾಚಿದ.

"ಮುಟ್ಬೇಡಿ," ಎಂದಳು ಅವಳು. "ತೆಗೆದವಳು ನಾನು."