ಇಳಿಸಿದ ತಂತಿಗಳು

ಆ ಹಾಡಿನ ಸರದಿ ಬಂದ ಕೂಡಲೇ ಎಜೆಲ್ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಭಾನುವಾರ ಮಧ್ಯಾಹ್ನ ಡೆಲ್ಫೀನಳ ಬಿಯರ್ ಅಂಗಡಿಯಲ್ಲಿ ಕೂತವರಿಗೆ ಇದು ಹೊಸದೇನಲ್ಲ. ಬೆವರಿಗೆ ಅಂಟಿದ ಅಂಗಿ, ಅದರ ಮೇಲೆ ಅಡ್ಡ ಬಿದ್ದ ಗಿಟಾರಿನ ಪಟ್ಟಿ, ಅಷ್ಟೇ ಅವರಿಗೆ ಕಾಣುವುದು. ತಂತಿಗಳು ಯಾವ ಶ್ರುತಿಯಲ್ಲಿವೆ, ಎಡಗೈ ಎಲ್ಲೆಲ್ಲಿ ಓಡಾಡುತ್ತದೆ ಎಂಬುದು ಯಾರಿಗೂ ತಿಳಿಯಕೂಡದು. ಹಾಡು ಮುಗಿಸಿ, ಬಿರಡೆಗಳನ್ನೆಲ್ಲ ತಿರುವಿ, ತಂತಿಗಳು ಜೋತುಬಿದ್ದ ಮೇಲೆಯೇ ಅವನು ಗಿಟಾರನ್ನು ಕೆಳಗಿಟ್ಟ.

"ಕಳ್ಳರಿಗೆ ಹೆದರೋನು ತಾನೂ ಕಳ್ಳನೇ ಆಗಿರ್ತಾನೆ," ಎಂದಳು ಲುವೀನಿಯಾ, ಮೀನಿನ ಮುಳ್ಳು ಬಿಡಿಸುತ್ತ. ಅವಳು ಎಜೆಲ್‌ನ ತಂಗಿಯ ಮಗಳು.

"ನಿಮ್ಮಪ್ಪ ಸತ್ತ ಮೇಲೆ ಹೆದರಿಕೆ ಕಮ್ಮಿಯಾಗಿದೆ ಬಿಡು," ಎಂದ ಎಜೆಲ್.

ಒಂದಿಬ್ಬರು ನಕ್ಕರು. ಡೆಲ್ಫೀನ್ ನಗಲಿಲ್ಲ. ಈ ಜಗಳ ಊರಿಗೇ ಬಾಯಿಪಾಠ. ಲುವೀನಿಯಾಳ ಅಪ್ಪ ಹೋಸಿಯಾ, ಅವಳು ಹುಟ್ಟುವ ಮುಂಚೆ, ಇದೇ ಹಾಡನ್ನು ಒಂದು ಗ್ರಾಮಫೋನ್ ಪ್ಲೇಟಿಗೆ ಹಾಡಿಬಂದಿದ್ದ. ಪ್ಲೇಟಿನ ಮೇಲೆ ಅವನೊಬ್ಬನದೇ ಹೆಸರಿತ್ತು. ದನಿ ಮಾತ್ರ ಹೋಸಿಯಾನದು, ಗಿಟಾರ್ ನನ್ನದು ಎಂದು ಎಜೆಲ್ ಅಂದಿನಿಂದ ಹೇಳುತ್ತಲೇ ಇದ್ದ. ಹೋಸಿಯಾ ಆ ಮಾತು ಬಂದಾಗಲೆಲ್ಲ ಟೊಪ್ಪಿಗೆ ತೊಟ್ಟು ಎದ್ದುಹೋಗುತ್ತಿದ್ದ. ಈಗ ಅವನ ಗೋರಿಗೆ ಹಾಸುವ ಚಪ್ಪಡಿ ತಯಾರಾಗಿತ್ತು. ಲುವೀನಿಯಾ ಅದರ ಮೇಲೆ ಗಿಟಾರ್ ಕೆತ್ತಿಸಿದ್ದಳು.

"ಗಿಟಾರ್ ಯಾಕೆ ಕೆತ್ತಿಸ್ದೆ? ಒಂದು ಬಾಯಿ ಕೆತ್ತಿಸ್ಬೇಕಿತ್ತು. ದೊಡ್ಡದಾಗಿ," ಎಂದ ಎಜೆಲ್.

"ಪ್ಲೇಟಿನ ಮೇಲೆ ನಿನ್ನ ಹೆಸರು ಎಲ್ಲಿದೆ ಮಾವ? ಹಿಂದುಗಡೆ ಏನಾದ್ರೂ ಇದೆಯಾ, ನೋಡ್ಲಾ?"

"ಎಜೆಲ್, ಒಂದ್ಸಲ ಈ ಕಡೆ ತಿರುಗಿ ನುಡಿಸಿಬಿಡಪ್ಪ," ಎಂದಳು ಡೆಲ್ಫೀನ್. "ಕೇಳಿ ಕೇಳಿ ನನ್ನ ಬಿಯರೂ ಹುಳಿಯಾಯ್ತು."

"ನನ್ನ ಕೈ ನೋಡಿದ್ರೆ ಯಾರು ನುಡಿಸಿದ್ದು ಅಂತ ನಿಮಗೇ ಗೊತ್ತಾಗುತ್ತೆ. ಆದ್ರೆ ತೋರಿಸಲ್ಲ. ಇವತ್ತು ತೋರಿಸಿದ್ರೆ ನಾಳೆ ಊರಿನ ನಾಯಿನೂ ಅದನ್ನೇ ನುಡಿಸುತ್ತೆ." ಅವನು ಲುವೀನಿಯಾಳ ಕಡೆ ತಿರುಗಿದ. "ನಿಮ್ಮಪ್ಪನದೇ ಆಗಿದ್ರೆ ನಿನಗೆ ಹೇಳಿಕೊಡ್ತಿದ್ದ. ಮಿಕ್ಕಿದ್ದೆಲ್ಲ ಕಲಿಸಿದಾನಲ್ಲ. ಹೋಗು, ಶ್ರುತಿ ಹುಡುಕ್ಕೊಂಡು ಬಾ. ಅವತ್ತು ಬಾಯಿ ಮುಚ್ಕೋತೀನಿ."

"ನಿನ್ನ ಬಾಯಿ ಮುಚ್ಚೋಕೂ ಒಂದು ಚಪ್ಪಡೀನೇ ಬೇಕು."

ಅಪ್ಪ ಅವಳಿಗೆ ಕಲಿಸಿದ್ದು ಸ್ಪ್ಯಾನಿಷ್ ಎಂದು ಊರವರು ಕರೆಯುವ ಶ್ರುತಿ. ಬೆರಳಿಡದೆ ಬರಿದೇ ಸವರಿದರೂ ಆರು ತಂತಿಗಳು ಒಟ್ಟಾಗಿ ನಗುವಂಥದ್ದು. ಮನೆಯಲ್ಲಿ ನುಡಿಸಿ ನೋಡಿದಾಗ ಪ್ಲೇಟಿನ ಹಾಡು ಅದರಲ್ಲಿ ಕೂರಲಿಲ್ಲ. ಮಾಮೂಲಿ ಶ್ರುತಿಗೆ ಬಂದು, ಪ್ಲೇಟಿನ ಎತ್ತರ ಮುಟ್ಟಲೆಂದು ತಂತಿಗಳನ್ನು ಬಿಗಿದಳು. ಒಂದು ತಂತಿ ಹರಿದು ಕೆನ್ನೆಗೆ ಬಾರಿಸಿತು. ಹೊಸದು ಹಾಕಿದಳು, ಅದೂ ಹರಿಯಿತು. ಅಡುಗೆಮನೆಯ ಮೇಜಿನ ಮೇಲಿದ್ದ ಗ್ರಾಮಫೋನು ಮಾತ್ರ ಹಟಕ್ಕೆ ಬಿದ್ದಂತೆ ಅದನ್ನೇ ಹಾಡುತ್ತಿತ್ತು.

ಒಂದು ಮಧ್ಯಾಹ್ನ ಅವಳಿಗೆ ಸಿಟ್ಟು ತರಿಸಿದ್ದು ಗಿಟಾರಲ್ಲ, ಅಪ್ಪನ ದನಿ. ಮೂಗಿನಲ್ಲಿ ಹಾಡುವ ಎಳೆ ಹುಡುಗನಂತಿತ್ತು. ಚಿಕ್ಕ ವಯಸ್ಸು, ಅದಕ್ಕೇ ಹಾಗೆ ಎಂದುಕೊಂಡಿದ್ದಳು. ಆದರೆ ಅಮ್ಮ ಹೇಳುತ್ತಿದ್ದದ್ದು ಬೇರೆ: ಮೀಸೆ ಮೂಡುವ ಮೊದಲೇ ಹೋಸಿಯಾನದು ಗೂಳಿಯ ದನಿ. ಹಾಗಾದರೆ ತಪ್ಪಿದ್ದು ಪ್ಲೇಟು. ಅದು ಇರಬೇಕಾದ್ದಕ್ಕಿಂತ ಬೇಗ ಓಡುತ್ತಿದೆ.

ತಿರುಗುವ ಪ್ಲೇಟಿನ ಅಂಚಿಗೆ ಬೆರಳು ಒತ್ತಿದಳು. ದನಿ ಇಳಿಯಿತು. ಇನ್ನೂ ಒತ್ತಿದಾಗ ಯಾವನೋ ಕುಡುಕನದಾಯಿತು. ಒಂದು ಕೂದಲಷ್ಟು ಬಿಟ್ಟಳು. ಮೆಟ್ಟಿಲ ಮೇಲೆ ನಿಂತು ಊಟಕ್ಕೆ ಕರೆಯುತ್ತಿದ್ದ, ಕೈ ತೊಳ್ಕೊ ಎಂದು ಗದರುತ್ತಿದ್ದ ದನಿ ಅಡುಗೆಮನೆ ತುಂಬ ಬಂದು ನಿಂತಿತು.

ಬೆರಳು ಎತ್ತದೆ, ಗಿಟಾರಿನ ದಪ್ಪ ಸ್ವರವನ್ನು ಬಾಯಲ್ಲಿ ಹಿಡಿದಿಟ್ಟುಕೊಂಡಳು. ಆಮೇಲೆ ಅದನ್ನು ತಂತಿಗೆ ಒಪ್ಪಿಸಿದಳು. ಈಗ ತಂತಿಗಳನ್ನು ಬಿಗಿಯುವುದಲ್ಲ, ಇಳಿಸುವುದು. ದಪ್ಪದ್ದು ಇಳಿಯಿತು, ಮೂರನೆಯದು ಇಳಿಯಿತು, ತೆಳು ತಂತಿ ಎರಡೂ ಇಳಿದವು. ಸವರಿದರೆ, ಸಿಟ್ಟಿನಲ್ಲಿ ಊಟ ಬಿಟ್ಟು ಕೂತವರ ಮೌನದಂಥ ನಾದ. ಅದೇ.

ಹಾಡು ಕೈಗೆ ಬಂತು. ಒಂದು ಜಾಗ ಮಾತ್ರ ಬರಲಿಲ್ಲ. ನಾಲ್ಕು ಬೆರಳೂ ತೆಳು ತಂತಿಗಳ ಮೇಲೆ ಸಿಕ್ಕಿಬಿದ್ದಿರುವಾಗಲೇ ದಪ್ಪ ತಂತಿಯನ್ನು ಗಿಟಾರಿನ ಕತ್ತಿನ ಮೂರನೆಯ ಮನೆಯಲ್ಲಿ ಅದುಮಬೇಕು. ಹೇಗೆ ತಿರುಚಿದರೂ ಬೆರಳು ಸಾಲದು. ಕೊನೆಗೆ ಅವಳ ಹೆಬ್ಬೆರಳು ತಾನಾಗಿಯೇ ಹಿಂದಿನಿಂದ ಕತ್ತಿನ ಮೇಲೆ ಬಂದು ಆ ತಂತಿಯನ್ನು ಅದುಮಿತು. ಸ್ವರ ಸರಿಯಾಗಿ ಬಿತ್ತು.

ಅಪ್ಪನಿಗೆ ಎಡಗೈ ಹೆಬ್ಬೆರಳು ಇರಲಿಲ್ಲ. ಹುಡುಗನಾಗಿದ್ದಾಗಲೇ ಹತ್ತಿ ಗಿರಣಿ ಅದನ್ನು ಬುಡಸಮೇತ ಕಿತ್ತುಕೊಂಡಿತ್ತು. ಚಿಕ್ಕವಳಿದ್ದಾಗ ಲುವೀನಿಯಾ ಆ ಕೈ ಹಿಡಿದು ನಡೆದರೆ, ಹಿಡಿತಕ್ಕೆ ಆ ಬದಿಯಲ್ಲಿ ಏನೂ ಸಿಗುತ್ತಿರಲಿಲ್ಲ.

ಎರಡನೆಯ ಗಿಟಾರೇನಾದರೂ ಇದ್ದೀತೇ ಎಂದು ಪ್ಲೇಟನ್ನು ಮತ್ತೆ ಹಾಕಿದಳು. ಇದ್ದದ್ದು ಒಂದೇ.

ಭಾನುವಾರ ಅವಳು ಡೆಲ್ಫೀನಳ ಅಂಗಡಿಯ ನಡುಮಧ್ಯೆ, ಎಲ್ಲರಿಗೂ ಮುಖ ಮಾಡಿ ಕೂತಳು. ಒಂದೊಂದೇ ತಂತಿಯನ್ನು ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಇಳಿಸಿದಳು. ಎಜೆಲ್ ಲೋಟ ಕೆಳಗಿಟ್ಟ.

"ಒಳಗೆ ಹೋಗಿ ಶ್ರುತಿ ಮಾಡ್ಕೊ."

"ಯಾಕೆ, ಇಲ್ಲಿ ಗಾಳಿ ಚೆನ್ನಾಗಿದೆ."

ನುಡಿಸಿದಳು. ಹೆಬ್ಬೆರಳು ಗಿಟಾರಿನ ಕತ್ತಿನ ಮೇಲೆ ಹತ್ತಿದ್ದು ಎಲ್ಲರಿಗೂ ಕಂಡಿತು. ಮುಗಿದ ಮೇಲೆ ಡೆಲ್ಫೀನ್ ತನಗೆ ತಾನೇ ಎಂಬಂತೆ ಅಂದಳು: "ಹೋಸಿಯಾಗೆ ಆ ಬೆರಳೇ ಇರ್ಲಿಲ್ವಲ್ಲ."

"ಈಗ ಬಾಯಿಬಿಟ್ಟು ಹೇಳು," ಎಂದ ಎಜೆಲ್. "ಯಾರು ನುಡಿಸಿದ್ದು ಅಂತ ಹೇಳು. ಪ್ರತಿ ಕ್ರಿಸ್‌ಮಸ್‌ಗೂ ನಿಮ್ಮಪ್ಪನ್ನ ಕೇಳ್ದೆ. ಜನ ಬರೋದು ಹಾಡಿಗೆ, ಗಿಟಾರಿಗಲ್ಲ ಅಂದು ಎದ್ದುಹೋಗ್ತಿದ್ದ."

ಲುವೀನಿಯಾ ಬಾಗಿಲ ಹತ್ತಿರ ಕೂತಿದ್ದ ಟ್ರ್ಯಾಕ್ಟರ್ ಓಡಿಸುವವರ ಕಡೆ ಗಿಟಾರನ್ನು ತಿರುಗಿಸಿ, "ಕೈ ಕಾಣುತ್ತಾ?" ಎಂದು ಕೇಳಿದಳು. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

"ನಿಲ್ಸು, ಲೂ," ಎಂದ ಎಜೆಲ್.

"ಮೂರನೇ ತಂತಿ ಪೂರ್ತಿ ಎರಡು ಮನೆ ಇಳಿಬೇಕು," ಎಂದು ಅವರಿಗೆ ಹೇಳಿ, ಈ ಸಲ ತುಂಬ ನಿಧಾನವಾಗಿ ಮೊದಲಿನಿಂದ ಶುರುಮಾಡಿದಳು.

ಚಪ್ಪಡಿಯಿಂದ ಗಿಟಾರ್ ತೆಗೆಯಬೇಕು ಎಂದು ಲುವೀನಿಯಾ ಹೇಳಿದಾಗ ಕಲ್ಲು ಕೆತ್ತುವವನು ಗೊಣಗಿದ. "ಕಲ್ಲಿಗೆ ರಬ್ಬರಿಲ್ಲಮ್ಮ. ಅರೆದ್ರೆ ಗುಂಡಿ ಬೀಳುತ್ತೆ."

"ಬೀಳ್ಲಿ."

ಆಗಸ್ಟಿನಲ್ಲಿ, ಊರು ಬಿಟ್ಟವರೆಲ್ಲ ಚರ್ಚಿಗೆ ಮರಳುವ ಭಾನುವಾರ, ಚಪ್ಪಡಿಯನ್ನು ಹಾಸಿದರು. ಬೆಳಿಗ್ಗೆ ಒಂದು ಹನಿಮಳೆ ಬಂದುಹೋಗಿತ್ತು. ಪ್ರಾರ್ಥನೆ ಮುಗಿದು ಜನ ಕೋಳಿ, ಕಡುಬಿನ ಮೇಜುಗಳತ್ತ ಹೋದ ಮೇಲೆ ಎಜೆಲ್ ಬಂದು ಲುವೀನಿಯಾಳ ಎದುರು ಬದಿಯಲ್ಲಿ ನಿಂತ.

"ಗುಂಡಿ ಸಮ ಮಾಡಿಲ್ಲ."

"ಸಮ ಆಗಲ್ವಂತೆ."

"ನನ್ನ ಹೆಸರೂ ಇಲ್ಲ."

"ಇದು ನಿನ್ನ ಗೋರಿಯಲ್ಲ ಮಾವ."

ಚರ್ಚಿನ ಹಿಂದೆ ಕಾರುಗಳ ನಡುವೆ ಯಾರೋ ಗಿಟಾರಿನಲ್ಲಿ ಆ ಹಾಡನ್ನು ಪ್ರಯತ್ನಿಸುತ್ತಿದ್ದರು. ದಪ್ಪ ತಂತಿಯ ಸ್ವರ ಪ್ರತಿ ಸಲವೂ ತಪ್ಪುತ್ತಿತ್ತು. ಇಬ್ಬರೂ ಆ ಕಡೆ ತಿರುಗಲಿಲ್ಲ. ಹೋಸಿಯಾನ ಹೆಸರಿನ ಕೆಳಗಿದ್ದ ಗುಂಡಿಯಲ್ಲಿ ನೀರು ನಿಂತಿತ್ತು. ಅದರ ಅಂಚಿಗೆ ಒಂದು ಕಣಜ ಬಂದು ಕೂತು, ರೆಕ್ಕೆ ಮಡಚಿ, ನೀರು ಕುಡಿಯತೊಡಗಿತು.